ಲಿಬರೇಟರ್ ಮೈಮೇಲಿನ ಬೆಂಗಳೂರು ಪದರ

ಹಳೆಯ ಯುದ್ಧವಿಮಾನದ ಮೂಲ ಬಣ್ಣ ಹುಡುಕುವವರು ಮೊದಲು ಮಾಡುವ ಕೆಲಸ ಶಿವಾಜಿನಗರದ ಯಾವ ಕಾರ್ ಪೇಂಟರಿಗೂ ಹೊಸದಲ್ಲ. ಹಳೆ ಅಂಬಾಸಿಡರಿನ ಬಾನೆಟ್ಟಿಗೆ ನೀರು ಚಿಮುಕಿಸಿ ನಯವಾದ ಎಮರಿ ಪೇಪರಿನಿಂದ ಒಂದೇ ಕಡೆ ಉಜ್ಜುತ್ತ ಹೋದರೆ ಮೇಲಿನ ಬಿಳಿ ಸವೆದು ಅದರಡಿಯ ನೀಲಿ, ಅದರಡಿಯ ಪ್ರೈಮರ್, ಕೊನೆಗೆ ತಗಡು, ಹೀಗೆ ಒಂದರ ಸುತ್ತ ಒಂದು ಬಳೆಯಾಗಿ ಕಾಣಿಸುತ್ತವೆ. ವಿಮಾನದ ರೆಕ್ಕೆಯ ಮೇಲೂ ಹಾಗೆಯೇ. ಆ ಬಳೆಗಳನ್ನು ಹೊರಗಿನಿಂದ ಒಳಗೆ ಎಣಿಸಿದರೆ ವಿಮಾನದ ಆಯುಷ್ಯ ಹಿಂದುಮುಂದಾಗಿ ತೆರೆದುಕೊಳ್ಳುತ್ತದೆ.

ಈ ವಿದ್ಯೆಗೂ ಬೆಂಗಳೂರಿನ ಪೂರ್ವಭಾಗಕ್ಕೂ ಇರುವ ನಂಟು ನಮ್ಮವರಲ್ಲೇ ಹೆಚ್ಚಿನವರಿಗೆ ತಿಳಿದಿಲ್ಲ. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ನೆರವಿನೊಂದಿಗೆ ವಾಲ್‌ಚಂದ್ ಹೀರಾಚಂದ್ ಅವರು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಕಟ್ಟಿದರು. ಇಂದು ಇಂದಿರಾನಗರ, ದೊಮ್ಮಲೂರು ದಾಟಿದ ಮೇಲೆ ಸಿಗುವ ವಿಮಾನಪುರದ ಎಚ್‌ಎಎಲ್ ಶುರುವಾದದ್ದು ಹೀಗೆ. ಹಾರ್ಲೋ ತರಬೇತಿ ವಿಮಾನ, ಕರ್ಟಿಸ್ ಹಾಕ್ ಫೈಟರ್ ಇಲ್ಲಿ ಜೋಡಣೆಯಾದವು. 1943ರಲ್ಲಿ ಅಮೆರಿಕದ ಸೇನೆ ಕಾರ್ಖಾನೆಯ ಹೊಣೆ ಹೊತ್ತ ಮೇಲೆ ಬರ್ಮಾ ಕಡೆಯ ಯುದ್ಧರಂಗದಲ್ಲಿ ಜಜ್ಜಿಹೋದ ವಿಮಾನಗಳು ಓವರ್‌ಹಾಲಿಗಾಗಿ ಇಲ್ಲಿಗೆ ಬರತೊಡಗಿದವು. ನೀರಿನ ಮೇಲಿಳಿಯುವ ಕ್ಯಾಟಲೀನಾ ವಿಮಾನಗಳಿಗಂತೂ ಬೆಳ್ಳಂದೂರು ಕೆರೆಯೇ ರನ್‌ವೇ ಆಯಿತು.

ಆದರೆ ಬಣ್ಣದ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾತ್ರ ಲಿಬರೇಟರ್ ಬಾಂಬರಿನದು. ನಾಲ್ಕು ಎಂಜಿನ್ನುಗಳ ಈ ಅಮೆರಿಕನ್ ವಿಮಾನಗಳನ್ನು ಬ್ರಿಟಿಷ್ ವಾಯುಪಡೆ ನಮ್ಮ ನೆಲದಿಂದ ಹಾರಿಸುತ್ತಿತ್ತು. ಯುದ್ಧ ಮುಗಿದಾಗ ಅವನ್ನು ಕಾನ್ಪುರದ ಚಕೇರಿಯಲ್ಲಿ ಸಾಲಾಗಿ ನಿಲ್ಲಿಸಿ, ಮತ್ತೆ ಯಾರೂ ಹಾರಿಸಲಾಗದಂತೆ ಕೆಡಿಸಿ ಗುಜರಿ ಮಾಡಿ ಬಿಟ್ಟುಹೋದರು. ಸ್ವತಂತ್ರ ಭಾರತದ ಕೈಯಲ್ಲಿ ಭಾರೀ ಬಾಂಬರ್ ಇರಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. ಎಚ್‌ಎಎಲ್ ತಂಡ ಚಕೇರಿಗೆ ಹೋಗಿ ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರು ತಲುಪುವಷ್ಟು ಮಾತ್ರ ಜೀವ ತುಂಬಿತು. ಪೈಲಟ್ ಜಮ್ಷೆಡ್ ಮುನ್ಷಿ ಅವನ್ನು ಒಂದೊಂದಾಗಿ ಇಲ್ಲಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ದುರಸ್ತಿಯಾದ ಸುಮಾರು 40 ಲಿಬರೇಟರುಗಳು 1948ರ ನವೆಂಬರಿನಿಂದ ವಾಯುಪಡೆಯನ್ನು ಸೇರುತ್ತ ಹೋಗಿ, 1968ರ ಕೊನೆಯವರೆಗೂ ದುಡಿದವು.

ಹಾಗಾಗಿ ಇಂಥ ವಿಮಾನದ ಪಕ್ಕೆಯ ವೃತ್ತಾಕಾರದ ಗುರುತು ಒಂದೇ ಆಗಿ ಉಳಿಯುವಂತಿರಲಿಲ್ಲ. ಜಪಾನಿನ ಕೆಂಪು ಸೂರ್ಯನೆಂದು ಭ್ರಮಿಸಿ ತಮ್ಮವರೇ ಗುಂಡು ಹಾರಿಸಬಾರದೆಂದು ದಕ್ಷಿಣ-ಪೂರ್ವ ಏಷ್ಯಾ ಕಮಾಂಡ್ ತನ್ನ ಗುರುತಿನಿಂದ ಕೆಂಪನ್ನೇ ತೆಗೆದು ಎರಡು ಬಗೆಯ ನೀಲಿ ಬಳಸುತ್ತಿತ್ತು. ಸ್ವಾತಂತ್ರ್ಯದ ನಂತರ 1950ರವರೆಗೆ ಬಿಳಿಯ ಮೇಲೆ ನೀಲಿ ಅಶೋಕಚಕ್ರ, ಆಮೇಲೆ ಕೇಸರಿ-ಬಿಳಿ-ಹಸಿರು. ಸಾಮ್ರಾಜ್ಯವೊಂದು ಮುಗಿದು ಗಣರಾಜ್ಯವೊಂದು ಹುಟ್ಟಿದ್ದು ಅಂಗೈಯಗಲದ ಜಾಗದಲ್ಲಿ ಕೋಟಿನ ಮೇಲೆ ಕೋಟಾಗಿ ಕೂತಿರಲು ಸಾಧ್ಯ.

ಉಜ್ಜಿ ನೋಡಿದ್ದಷ್ಟೇ ಸಾಲದು, ಏಕೆಂದರೆ ಬಣ್ಣ ವಯಸ್ಸಿನೊಂದಿಗೆ ಬದಲಾಗುತ್ತದೆ. ಅಮೆರಿಕನ್ನರ ಸೈನಿಕ ಹಸಿರು ಬಿಸಿಲಿಗೆ ಕಂದಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅಗಸೆ ಎಣ್ಣೆಯಂಥ ಎಣ್ಣೆಯಲ್ಲಿ ಕಲಸಿದ ಬಣ್ಣ ಕತ್ತಲಲ್ಲಿ ಉಳಿದರೆ ಹಳದಿಯಾಗುತ್ತದೆ. ಆಗ ನೀಲಿಯೂ ಹಸಿರಿನಂತೆ ಕಾಣುತ್ತದೆ. ಆದ್ದರಿಂದ ಅನುಭವಿಗಳು ಬಿಸಿಲು, ಮಳೆ ತಾಗದ ಜಾಗ ಹುಡುಕುತ್ತಾರೆ: ಕಂಪನಿಯ ಹೆಸರಿನ ಫಲಕದ ಅಡಿ, ಕೀಲುಗಳ ಸಂದು, ಒಂದರ ಮೇಲೊಂದು ಕೂತ ತಗಡುಗಳ ನಡುವೆ. ಅಲ್ಲಿಂದ ಸಾಸಿವೆ ಗಾತ್ರದ ಚೂರು ತೆಗೆದು, ರಾಳದಲ್ಲಿ ಕೂರಿಸಿ, ಅಡ್ಡಲಾಗಿ ಪಾಲಿಷ್ ಮಾಡಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಎರಡು ಕೋಟುಗಳ ನಡುವೆ ಧೂಳು, ಹೊಗೆಮಸಿ ಕಂಡರೆ ಮೇಲಿನದು ವಿಮಾನ ಹಾರಿದ ನಂತರ ಬಳಿದದ್ದು ಎಂದರ್ಥ. ಕೊಳೆಯಿಲ್ಲದೆ ಅಂಟಿಕೊಂಡಿದ್ದರೆ ಎರಡೂ ಹೆಚ್ಚಾಗಿ ಒಂದೇ ಸಲದ ಕೆಲಸ. ಎಕ್ಸ್-ಕಿರಣ ಹಾಯಿಸಿದರೆ ಮೂಲಧಾತುಗಳು ತಿಳಿಯುತ್ತವೆ. ಸತು ಮತ್ತು ಕ್ರೋಮಿಯಂ ಜೊತೆಯಾಗಿ ಸಿಕ್ಕರೆ ಅದು ಹೆಚ್ಚಾಗಿ ಅಲ್ಯುಮಿನಿಯಮ್ಮಿಗೆ ಬಳಿಯುತ್ತಿದ್ದ ಹಳದಿ-ಹಸಿರು ಪ್ರೈಮರ್. ಇನ್‌ಫ್ರಾರೆಡ್ ಪರೀಕ್ಷೆ ಬಣ್ಣವನ್ನು ಹಿಡಿದಿಟ್ಟ ಅಂಟು ಯಾವುದೆಂದು ಹೇಳುತ್ತದೆ. ಪಾಲಿಯುರೆಥೇನ್ ಕಂಡರೆ ಆ ಕೋಟು ಯುದ್ಧಾನಂತರದ್ದು. ಅಂದಹಾಗೆ, ಆ ಹಳದಿ ಪ್ರೈಮರ್ ಕ್ಯಾನ್ಸರ್ ತರಬಲ್ಲ ವಿಷ. ಮಾಸ್ಕ್ ಇಲ್ಲದೆಯೂ ನೀರು ಹಾಕದೆಯೂ ಅದನ್ನು ಉಜ್ಜಲೇಬಾರದು.

ಈ ಶೋಧ ಅತಿ ಕಷ್ಟವಾಗುವುದು ಸೋವಿಯತ್ ಫೈಟರುಗಳಲ್ಲಿ. ಯಾಕ್, ಲಾವೋಚ್ಕಿನ್ ವಿಮಾನಗಳಲ್ಲಿ ಮರವೂ ಇತ್ತು, ಬಟ್ಟೆಯೂ ಇತ್ತು, ಲೋಹವೂ ಇತ್ತು. ಮರ ಮತ್ತು ಬಟ್ಟೆಗೆ ಎಎಂಟಿ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ, ಲೋಹಕ್ಕೆ ಎಣ್ಣೆ ಬಣ್ಣ. ಹೊಸದರಲ್ಲಿ ಹೊಂದಿಕೊಂಡಿದ್ದ ಎರಡೂ ಬೇರೆ ಬೇರೆ ರೀತಿಯಲ್ಲಿ ಮುಪ್ಪಾದವು. ಉತ್ತರ ರಷ್ಯಾದ ಕೆರೆ-ಜೌಗುಗಳಿಂದ ಎತ್ತಿದ ಅವಶೇಷಗಳಲ್ಲಿ ಮರ ಕೊಳೆತು ಲೋಹದ ಭಾಗವಷ್ಟೇ ಉಳಿದಿದ್ದರೆ, ಅದೊಂದನ್ನೇ ನೋಡಿ ಇಡೀ ವಿಮಾನದ ಬಣ್ಣ ಹೇಳುವುದು ಅಪಾಯ. 1943ರ ಬೇಸಿಗೆಯಲ್ಲಿ ಹಸಿರು-ಕಪ್ಪು ಬಿಟ್ಟು ಎರಡು ಬಗೆಯ ಬೂದು ಬಣ್ಣಕ್ಕೆ ಬದಲಾಗಬೇಕೆಂದು ಆದೇಶವಾಯಿತು. ಆ ಬೂದು ಎಷ್ಟು ನೀಲಿ ಎಂಬ ಬಗ್ಗೆ ಇತಿಹಾಸಕಾರರು ದಶಕಗಳ ಕಾಲ ಜಗಳವಾಡಿದ್ದಾರೆ. ಕಪ್ಪು-ಬಿಳುಪು ಫೋಟೋಗಳು ನೆರವಿಗೆ ಬಾರವು. ಅಂದಿನ ಕೆಲವು ಫಿಲ್ಮುಗಳಲ್ಲಿ ಕೆಂಪು ಕಪ್ಪಾಗಿ, ನೀಲಿ ಬಿಳುಪಾಗಿ ಮೂಡುತ್ತಿತ್ತು.

ಇಷ್ಟೆಲ್ಲ ಮಾಡಿ 'ಮೂಲ' ಎಂದು ಯಾವ ಕೋಟನ್ನು ಆರಿಸಬೇಕು? 18,000ಕ್ಕೂ ಹೆಚ್ಚು ಲಿಬರೇಟರುಗಳು ತಯಾರಾಗಿದ್ದರೂ ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹಲವು ಭಾರತದಲ್ಲಿ ದುಡಿದು ಬದುಕಿಕೊಂಡವು. ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂ, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂ, ಕೆನಡಾದ ರಾಷ್ಟ್ರೀಯ ಸಂಗ್ರಹ, ದೆಹಲಿಯ ಪಾಲಂ, ಎಲ್ಲೆಡೆ ಇರುವುದು ಭಾರತೀಯ ವಾಯುಪಡೆಯಲ್ಲಿ ದುಡಿದವೇ. ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ 1984ರಲ್ಲಿ ಕೊಂಡದ್ದೂ ಅಂಥದ್ದೇ. ಅದು 1989ರಲ್ಲಿ ಮತ್ತೆ ಹಾರಿತು. ಅಲ್ಲಿಂದೀಚೆಗೆ 'ಆಲ್ ಅಮೆರಿಕನ್', 'ದಿ ಡ್ರ್ಯಾಗನ್ ಅಂಡ್ ಹಿಸ್ ಟೇಲ್', 'ವಿಚ್‌ಕ್ರಾಫ್ಟ್' ಎಂದು ಮೂರು ಬೇರೆ ವಿಮಾನಗಳ ವೇಷ ತೊಟ್ಟಿತು. ಮೂರೂ ಅಮೆರಿಕನ್ ವೇಷಗಳೇ. ಅದನ್ನು ಉಳಿಸಿದ ದಾನಿಗಳ ಶ್ರಮ ದೊಡ್ಡದು. ಆದರೂ ಇಪ್ಪತ್ತು ವರ್ಷಗಳ ಭಾರತೀಯ ಸೇವೆ ಅದರ ಮೈಮೇಲೆ ಕಾಣದಿರುವುದು ನೋವಿನ ಸಂಗತಿ. ಬೆಂಗಳೂರಿನ ಕಾರ್ಮಿಕರು ಕೈ ಹಚ್ಚದಿದ್ದರೆ ವೇಷ ತೊಡಲು ವಿಮಾನವೇ ಉಳಿಯುತ್ತಿರಲಿಲ್ಲ.

ಬಣ್ಣದಡಿಯ ಸಾಕ್ಷಿಯನ್ನೇ ನಂಬುವ ಇನ್ನೊಂದು ದಾರಿಯೂ ಇದೆ. ಅಮೆರಿಕದ ಡೇಟನ್ ಮ್ಯೂಸಿಯಮ್ಮಿನವರು 'ಮೆಂಫಿಸ್ ಬೆಲ್' ಬಾಂಬರಿನ ಬಣ್ಣ ತೆಗೆಯುವಾಗ, 1943ರ ಪ್ರವಾಸದಲ್ಲಿ ಅದನ್ನು ನೋಡಲು ಬಂದ ಜನ ತಗಡಿನ ಮೇಲೆ ಗೀರಿದ್ದ ಹೆಸರುಗಳು ಸಿಕ್ಕವು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ತಂತ್ರಜ್ಞರು ಜರ್ಮನ್ ಫೋಕೆ-ವುಲ್ಫ್ 190 ವಿಮಾನವನ್ನು ನಿಧಾನವಾಗಿ ಉಜ್ಜಿದಾಗ ಯುದ್ಧಕಾಲದ ಹಲವು ಕೋಟುಗಳು ಹೊರಬಂದವು. ಅವುಗಳಲ್ಲೊಂದನ್ನು ನೋಡಿಯೇ ಹೊಸ ಬಣ್ಣ ಬಳಿದರು.

ವಿಮಾನಪುರದ ಎಚ್‌ಎಎಲ್ ಮ್ಯೂಸಿಯಂ ಅಂಗಳದಲ್ಲಿ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಮುಂದೆ ಬಿಸಿಲು-ಮಳೆಗೆ ಒಡ್ಡಿಕೊಂಡು ನಿಂತ ವಿಮಾನಗಳಿವೆ. 1961ರ ಜೂನ್ 17ರಂದು ಈ ಊರಿನಲ್ಲೇ ಮೊದಲ ಸಲ ಹಾರಿದ ಮರುತ್ ಮಾದರಿಯ ಫೈಟರ್ ಅವುಗಳಲ್ಲೊಂದು. ತುಕ್ಕು ತಡೆಯಲು ಆಗಾಗ ಹೊಸ ಪೇಂಟ್ ಬೇಕೇ ಬೇಕು. ಆದರೆ ಬಳಿಯುವ ಮುನ್ನ ರೆಕ್ಕೆಯ ಅಡಿಯಲ್ಲಿ ಅಂಗೈಯಗಲ ಜಾಗಕ್ಕೆ ಎಮರಿ ಪೇಪರ್ ತಾಗಿಸದೆ ಉಳಿಸಿ, ಫೋಟೋ ತೆಗೆದು, ಚೂರೊಂದನ್ನು ದಿನಾಂಕ ಬರೆದ ಡಬ್ಬಿಯಲ್ಲಿ ಎತ್ತಿಡಲು ಒಂದು ಬೆಳಗು ಸಾಕು. ಪರೀಕ್ಷೆಗೆ ಬೇಕಾದ ಸೂಕ್ಷ್ಮದರ್ಶಕಗಳು ಇದೇ ಊರಿನ ಪ್ರಯೋಗಾಲಯಗಳಲ್ಲಿವೆ. ಮುಂದಿನ ಸಲ ಪೇಂಟಿಂಗ್ ಟೆಂಡರ್ ಕರೆಯುವಾಗಲೇ ಈ ಕೆಲಸವನ್ನೂ ಅದರಲ್ಲಿ ಬರೆಯಬಹುದು.