ಚಾಚಿದ ಕೈ ಮೇಲೆ ಒಂದೂವರೆ ಕ್ವಿಂಟಲ್

ನೀರು ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಅರ್ಧ ಮೈಲಿ ಸಲೀಸಾಗಿ ನಡೆಯುವವರೂ ಅದೇ ಕೊಡವನ್ನು ಕೈ ಚಾಚಿ ಹಿಡಿಯಬೇಕೆಂದರೆ ಹತ್ತು ಎಣಿಸುವಷ್ಟರಲ್ಲಿ ಸೋಲುತ್ತಾರೆ. ಕೊಡ ಅದೇ, ನೀರೂ ಅಷ್ಟೇ; ಮೈಗೂ ಕೊಡಕ್ಕೂ ನಡುವಿನ ಅಂತರ ಮಾತ್ರ ಬೇರೆ. ಕಾರಿನ ಎಂಜಿನ್ ಸ್ಟ್ಯಾಂಡ್ ಹೀಗೆ ಸದಾ ಕೈ ಚಾಚಿಕೊಂಡೇ ನಿಂತಿರುವ ಸಾಧನ. ಅದು ಹಿಡಿದಿರುವ ಕೊಡ ಒಂದೂವರೆ ಕ್ವಿಂಟಲ್ ತೂಗುತ್ತದೆ.

ನಮ್ಮ ಸಣ್ಣಪುಟ್ಟ ಗ್ಯಾರೇಜುಗಳಲ್ಲಿ ಈ ಸ್ಟ್ಯಾಂಡ್ ಕಾಣುವುದು ಅಪರೂಪ. ಕಾರಿನಿಂದ ಇಳಿಸಿದ ಎಂಜಿನ್ನಿಗೆ ಅಲ್ಲಿ ಸಿಗುವ ಪೀಠ ಒಂದು ಹಳೆಯ ಟಯರು. ಮೇಸ್ತ್ರಿ ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುತ್ತಾನೆ. ಇದನ್ನು ನೋಡಿ ನಗುವಂಥದ್ದೇನೂ ಇಲ್ಲ: ನೆಲಕ್ಕೆ ಅಂಟಿಕೊಂಡೇ ಇರುವ ಎಂಜಿನ್ ಬೀಳಲು ಜಾಗವೆಲ್ಲಿದೆ? ತೊಂದರೆ ಬೇರೆ ಕಡೆ ಇದೆ. ಭಾರವೆಲ್ಲ ತೆಳು ತಗಡಿನ ಆಯಿಲ್ ಚೇಂಬರ್ ಮೇಲೆ ಬಿದ್ದು ಅದು ನೆಗ್ಗುತ್ತದೆ. ಕ್ರ್ಯಾಂಕ್ ಬಿಚ್ಚಬೇಕೆಂದರೆ ಇಡೀ ಎಂಜಿನ್ನನ್ನು ಇಬ್ಬರು ಸೇರಿ ಮಗುಚಬೇಕು. ಸೊಂಟ ಹಿಡಿಯುವುದು ಆಗಲೇ. ನೆಲದ ಮರಳು ಬೇರಿಂಗಿಗೆ ಸೇರಿಕೊಳ್ಳುವುದೂ ಆಗಲೇ.

ಸ್ಟ್ಯಾಂಡಿನ ರಚನೆ ಸರಳ. ಚಕ್ರಗಳಿರುವ ಉಕ್ಕಿನ ಪಾದ, ಅದರ ಮೇಲೊಂದು ಕಂಬ, ಕಂಬದ ನೆತ್ತಿಯ ತೋಳಿನೊಳಗೆ ತಿರುಗುವ ದಪ್ಪ ಕೊಳವೆ, ಕೊಳವೆಯ ಮೂತಿಗೆ ಒಂದು ತಟ್ಟೆ, ತಟ್ಟೆಯಿಂದ ಹೊರಟ ನಾಲ್ಕು ಬೆರಳು. ಗೇರ್ ಬಾಕ್ಸನ್ನು ಎಂಜಿನ್ನಿನ ಬೆನ್ನಿಗೆ ಬಿಗಿಯುವ ತೂತುಗಳಿಗೇ ಈ ಬೆರಳುಗಳನ್ನು ಬಿಗಿಯಬೇಕು. ಹಾಗಾಗಿ ಕ್ಲಚ್ಚು, ಫ್ಲೈವ್ಹೀಲ್ ಎರಡನ್ನೂ ಮೊದಲೇ ಬಿಚ್ಚಿರಬೇಕು. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಬದಲಿಸುವ ಕೆಲಸ ಸ್ಟ್ಯಾಂಡ್ ಮೇಲೆ ಕಷ್ಟ. ಆ ಜಾಗದಲ್ಲೇ ಸ್ಟ್ಯಾಂಡ್ ಕೈಯಿಟ್ಟಿರುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿ, ಶಿವಾಜಿನಗರದ ಗುಜರಿ ಎರಡನ್ನೂ ಸುತ್ತಿ ಹಳೆಯ ಅಂಬಾಸಿಡರ್ ಒಂದಕ್ಕೆ ಜೀವ ಕೊಡಲು ಹೊರಟವರು ಇದ್ದಾರೆಂದುಕೊಳ್ಳಿ. 1489 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್, ಬ್ಲಾಕು ಎರಕದ ಕಬ್ಬಿಣದ್ದು. ಲೆಕ್ಕದ ಅನುಕೂಲಕ್ಕೆ ತೂಕ 150 ಕಿಲೋ ಎಂದಿಟ್ಟುಕೊಳ್ಳೋಣ. ಆ ಭಾರದ ಕೇಂದ್ರ ಎಂಜಿನ್ನಿನ ಬೆನ್ನಿನಿಂದ ಸುಮಾರು 30 ಸೆಂ.ಮೀ. ಮುಂದಿದೆ, ಬೆರಳುಗಳ ಉದ್ದ ಇನ್ನೊಂದು 12 ಸೆಂ.ಮೀ. ಒಟ್ಟು 42. ಅಲ್ಲಿಗೆ ಸ್ಟ್ಯಾಂಡಿನ ಕತ್ತು ತಡೆಯಬೇಕಾದ ತಿರುಚು, ಒಂದು ಮೀಟರ್ ಹಾರೆಯ ತುದಿಗೆ 63 ಕಿಲೋ ನೇತುಹಾಕಿದ್ದಕ್ಕೆ ಸಮ. ಅಂಗಡಿಯಲ್ಲಿ ಸ್ಟ್ಯಾಂಡ್ ಮೇಲೆ ಅಂಟಿಸಿರುವ ಚೀಟಿ 450 ಕಿಲೋ ಹೊರುತ್ತದೆ ಎಂದು ಹೇಳುತ್ತದೆಯೇ ಹೊರತು ಆ ಭಾರ ಎಷ್ಟು ದೂರದಲ್ಲಿರಬಹುದು ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಅಮೆರಿಕದಲ್ಲಿ 1955ರಲ್ಲಿ ಬಂದ ಷೆವರ್ಲೆಯ ಎಂಟು ಸಿಲಿಂಡರಿನ ಪ್ರಸಿದ್ಧ ಎಂಜಿನ್ ಸುಮಾರು 260 ಕಿಲೋ ತೂಗುತ್ತದೆ. ಅಂಥದ್ದಕ್ಕೆ ಅಗ್ಗದ ಸ್ಟ್ಯಾಂಡ್ ಕೊಂಡರೆ ಕಂಬ ಮುಂದಕ್ಕೆ ಬಾಗುವುದು ಬರಿಗಣ್ಣಿಗೇ ಕಾಣುತ್ತದೆ.

ಬೋಲ್ಟು ತುಂಡಾಗಿ ಎಂಜಿನ್ ಬೀಳುತ್ತದೆ ಎಂಬುದು ಹಲವರ ಭಯ. ಮೇಲಿನ ಎರಡು ಬೋಲ್ಟುಗಳನ್ನೇ ಭಾರ ಎಳೆಯುವುದು ನಿಜ. ಮೇಲಿನವಕ್ಕೂ ಕೆಳಗಿನವಕ್ಕೂ 25 ಸೆಂ.ಮೀ. ಅಂತರವಿದ್ದರೆ ಒಂದೊಂದರ ಮೇಲೆ ಬೀಳುವ ಎಳೆತ 90 ಕಿಲೋ. ತಲೆಯ ಮೇಲೆ 8.8 ಎಂದು ಕೊರೆದಿರುವ 10 ಮಿ.ಮೀ. ಬೋಲ್ಟು ಮೂರು ಟನ್ನಿಗೂ ಹೆಚ್ಚು ಎಳೆತಕ್ಕೆ ಜಗ್ಗುವುದಿಲ್ಲ. ಆ ಅಂಕಿಯ ಮೊದಲ 8 ಎಂದರೆ ಉಕ್ಕು ಹರಿಯುವ ಮಿತಿ 800 ಮೆಗಾಪ್ಯಾಸ್ಕಲ್; ಚುಕ್ಕೆಯ ನಂತರದ 8 ಎಂದರೆ ಅದರ ಶೇ. 80ರಷ್ಟು ಎಳೆತಕ್ಕೆ ಅದು ಶಾಶ್ವತವಾಗಿ ಹಿಗ್ಗತೊಡಗುತ್ತದೆ. ತಲೆ ಬೋಳಾಗಿರುವ ಬೋಲ್ಟಿನ ಜಾತಕ ಯಾರಿಗೂ ಗೊತ್ತಿಲ್ಲ. ಅದನ್ನು ಈ ಕೆಲಸಕ್ಕೆ ಮುಟ್ಟಬಾರದು.

ಸೋಲುವುದು ಬೋಲ್ಟಿಗಿಂತ ಮೊದಲು ಬ್ಲಾಕಿನ ಥ್ರೆಡ್ಡು. ಎರಕದ ಕಬ್ಬಿಣದೊಳಗೆ ಬೋಲ್ಟು ಕನಿಷ್ಠ ತನ್ನ ದಪ್ಪದಷ್ಟು ಆಳಕ್ಕೆ ಇಳಿದಿರಬೇಕು. 10 ಮಿ.ಮೀ. ಬೋಲ್ಟಾದರೆ ಕೈಯಲ್ಲಿ ಆರೇಳು ಸುತ್ತು. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಅದರ ಒಂದೂವರೆಯಿಂದ ಎರಡು ಪಟ್ಟು ಬೇಕು. ಅಂಬಾಸಿಡರಿನಂಥ ಬ್ರಿಟಿಷ್ ಮೂಲದ ಎಂಜಿನ್ನುಗಳ ಬೋಲ್ಟುಗಳು ಇಂಚಿನ ಲೆಕ್ಕದವು. ಮಿಲಿಮೀಟರ್ ಬೋಲ್ಟನ್ನು ಅಲ್ಲಿ ಬಲವಂತವಾಗಿ ತಿರುಗಿಸಿದರೆ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಬಿಗಿಯಾಯಿತು ಎಂದು ಅನ್ನಿಸುತ್ತದೆ; ಆಗಿರುವುದು ಥ್ರೆಡ್ ಹಾಳು.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಎಂಜಿನ್ನನ್ನು ಕೆಡವುವುದು ಒಂದು ಜಲ್ಲಿಕಲ್ಲು. ಸ್ಟ್ಯಾಂಡನ್ನು ಮೂಲೆಗೆ ತಳ್ಳುವಾಗ 75 ಮಿ.ಮೀ. ವ್ಯಾಸದ ಪುಟ್ಟ ಚಕ್ರಕ್ಕೆ 10 ಮಿ.ಮೀ. ಎತ್ತರದ ಕಲ್ಲು ಅಡ್ಡ ಸಿಕ್ಕಿತು ಎನ್ನಿ. ಅದನ್ನು ಹತ್ತಲು, ಆ ಚಕ್ರದ ಮೇಲಿರುವ ಭಾರದ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಬಲದಿಂದ ಅಡ್ಡಕ್ಕೆ ತಳ್ಳಬೇಕಾಗುತ್ತದೆ. ಚಕ್ರದ ವ್ಯಾಸ 150 ಆಗಿದ್ದರೆ ಆರು ಪಾಲಿಗೂ ಕಡಿಮೆ ಸಾಕು. ತಳ್ಳುವ ಕೈ ಇರುವುದು ಎದೆಯೆತ್ತರದಲ್ಲಿ, ಎಂಜಿನ್ನಿನ ಮೇಲೆ. ತಡೆಯುವ ಕಲ್ಲು ಇರುವುದು ನೆಲದಲ್ಲಿ. ಚಕ್ರ ನಿಂತುಬಿಡುತ್ತದೆ, ಎಂಜಿನ್ ಮುಂದೆ ಹೋಗುತ್ತದೆ. ಮೂರು ಚಕ್ರದ ಸ್ಟ್ಯಾಂಡಾದರೆ ಮುಂದೆ ಒಂಟಿ ಚಕ್ರವಿರುವುದರಿಂದ ಪಕ್ಕಕ್ಕೂ ಉರುಳಬಹುದು. ಹಾಗಾಗಿ ನೆಲ ಗುಡಿಸುವುದೂ ಈ ಕೆಲಸದ ಭಾಗವೇ. ಸ್ಟ್ಯಾಂಡನ್ನು ಪಾದದ ಹತ್ತಿರ, ಆದಷ್ಟು ಕೆಳಗೆ ಹಿಡಿದು ನಿಧಾನವಾಗಿ ಸರಿಸಬೇಕು. ನಾಲ್ಕು ಚಕ್ರದ, ಎಂಜಿನ್ನಿನ ಕೆಳಗೆ ಉದ್ದಕ್ಕೆ ಕಾಲು ಚಾಚಿದ ಸ್ಟ್ಯಾಂಡಿಗೆ ಕೊಟ್ಟ ಹೆಚ್ಚಿನ ದುಡ್ಡು ದಂಡವಲ್ಲ.

ಕೂರಿಸುವ ಕ್ರಮದಲ್ಲಿ ಒಂದು ಜಾಣತನವಿದೆ. ತಟ್ಟೆ ಮತ್ತು ಕೊಳವೆಯನ್ನು ಸ್ಟ್ಯಾಂಡಿನಿಂದ ಹೊರಗೆಳೆದು, ಚೈನ್ ಪುಲ್ಲಿಯಲ್ಲಿ ನೇತಾಡುವ ಎಂಜಿನ್ನಿಗೇ ಮೊದಲು ಬಿಗಿದು, ಆಮೇಲೆ ಕೊಳವೆಯನ್ನು ಕಂಬದ ತೋಳಿಗೆ ತೂರಿಸಬೇಕು. ಬೋರ್‌ವೆಲ್ ಮೋಟರ್ ಎತ್ತುವವರನ್ನು ಕಂಡವರಿಗೆ ಚೈನ್ ಪುಲ್ಲಿ ಹೊಸದಲ್ಲ. ಆದರೆ ಅಲ್ಲಿ ಸರಪಣಿ ನೇರ ಇಳಿಯುತ್ತದೆ. ಇಲ್ಲಿ ಎರಡು ಕವಲಾಗಿ ಎಂಜಿನ್ನಿನ ಎರಡು ಕೊಂಡಿ ಹಿಡಿಯುತ್ತದೆ. ಕವಲುಗಳು ನೆಲಮಟ್ಟಕ್ಕೆ 60 ಡಿಗ್ರಿ ಓರೆಯಿದ್ದರೆ ಒಂದೊಂದರ ಮೇಲೆ 87 ಕಿಲೋ ಎಳೆತ. 30 ಡಿಗ್ರಿಗೆ ಚಪ್ಪಟೆಯಾದರೆ ಒಂದೊಂದರ ಮೇಲೂ ಪೂರಾ 150. ಭಾರ ಸ್ಟ್ಯಾಂಡಿಗೆ ಇಳಿದ ಮೇಲೂ ಸರಪಣಿಯನ್ನು ಸ್ವಲ್ಪ ಹೊತ್ತು ಸಡಿಲವಾಗಿ ಹಾಗೇ ಬಿಟ್ಟು, ಬೆಸುಗೆಗಳನ್ನೂ ಚಕ್ರಗಳನ್ನೂ ಒಮ್ಮೆ ನೋಡುವುದು ಒಳ್ಳೆಯದು.

ತಿರುಗಿಸುವ ಕೆಲಸದಲ್ಲಿ ತೊಟ್ಟಿಲಿನ ನಿಯಮ ನಡೆಯುತ್ತದೆ. ತಿರುಗುವ ಅಕ್ಷಕ್ಕಿಂತ ಭಾರ ಕೆಳಗಿದ್ದರೆ ತೂಗಿ ಮತ್ತೆ ನೆಟ್ಟಗಾಗುತ್ತದೆ, ಮೇಲಿದ್ದರೆ ಒಂದೇ ಸಲಕ್ಕೆ ಮಗುಚುತ್ತದೆ. ಸಾಲು ಸಿಲಿಂಡರಿನ ಎಂಜಿನ್ನಿನಲ್ಲಿ ಭಾರದ ಕೇಂದ್ರ ಕ್ರ್ಯಾಂಕಿಗಿಂತ ಮೇಲಿರುತ್ತದೆ. ಕ್ರ್ಯಾಂಕಿನ ನೇರಕ್ಕೇ ಅಕ್ಷ ಇಟ್ಟರೆ ಕೊಳವೆ ತಿರುಗದಂತೆ ತಡೆದಿರುವ ಪಿನ್ ತೆಗೆದ ಗಳಿಗೆಯಲ್ಲಿ ಕೊಳವೆಯ ಹಿಡಿಕೆ ರಪ್ಪನೆ ತಿರುಗಿ ಮುಂಗೈಗೆ ಬಡಿಯುತ್ತದೆ. ಅಕ್ಷವನ್ನು ತುಸು ಮೇಲಕ್ಕೆ ಹೊಂದಿಸಬೇಕು. ಹೆಡ್ ಬಿಚ್ಚಿದ ಮೇಲೆ ಕೇಂದ್ರ ಕೆಳಗಿಳಿಯುತ್ತದೆ. ಆಮೇಲೆ ತಲೆಕೆಳಗು ಮಾಡಿದರೆ ಲೆಕ್ಕವೆಲ್ಲ ಉಲ್ಟಾ. ಆದ್ದರಿಂದ ಪಿನ್ ತೆಗೆಯುವ ಮೊದಲು ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿಯುವವರು ಇನ್ನೊಬ್ಬರು ಇರಲೇಬೇಕು. ಆಯಿಲ್ಲನ್ನು ಮೊದಲೇ ಬಸಿದಿರಬೇಕು ಎಂಬುದನ್ನು ಬಹಳ ಮಂದಿ ಕಲಿಯುವುದು ಅಂಗಿ ನೆನೆದ ಮೇಲೆ.

ಇನ್ನು ಇಟ್ಟುಕೊಳ್ಳುವ ಮಾತು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ, ಬಿಡಿಭಾಗ ಹುಡುಕಿ ತರುವಷ್ಟರಲ್ಲಿ ಎಂಜಿನ್ ಒಂದೆರಡು ಮಳೆಗಾಲ ಕಳೆದಿರುತ್ತದೆ. ಅಷ್ಟು ದಿನ ಅದನ್ನು ಸ್ಟ್ಯಾಂಡಿನ ಮೇಲೇ ಬಿಟ್ಟರೆ ಬ್ಲಾಕು ಸೊಟ್ಟಗಾಗುತ್ತದೆ ಎಂಬ ಮಾತಿದೆ. ಕೋಣೆಯ ಬಿಸಿಯಲ್ಲಿ ಎರಕದ ಕಬ್ಬಿಣ ಹಾಗೆ ಬಾಗುವುದಿಲ್ಲ. ಆದರೂ ಮುಂಭಾಗಕ್ಕೆ ಮರದ ದಿಮ್ಮಿಯ ಆಸರೆ ಕೊಡಬೇಕು. ದಾರಿಯಲ್ಲಿ ಹೋಗುವ ಮಗು ಹಿಡಿದು ಜೋತಾಡಿದರೆ ಏನಾಗುತ್ತದೆ ಎಂಬ ಲೆಕ್ಕ ಮೇಲಿನ ಯಾವ ಅಂಕಿಯಲ್ಲೂ ಸೇರಿಲ್ಲ.

ನಿಂತ ಎಂಜಿನ್ನಿನ ನಿಜವಾದ ಶತ್ರು ತೇವ. ಗಾಳಿಯ ಸಾಪೇಕ್ಷ ತೇವಾಂಶ ಶೇ. 60 ದಾಟಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಏರುತ್ತದೆ. ಆಷಾಢದಲ್ಲಿ ಭರಣಿಯ ಉಪ್ಪು ನೀರೊಡೆಯುವ ಮಂಗಳೂರು, ಕಾರವಾರಗಳಲ್ಲಿ ಇದನ್ನು ಯಾರಿಗೂ ವಿವರಿಸಬೇಕಿಲ್ಲ. ರಾತ್ರಿ ತಣ್ಣಗಾದ ಬ್ಲಾಕು ಬೆಳಿಗ್ಗೆ ಬೇಗ ಬಿಸಿಯಾಗುವುದಿಲ್ಲ; ಒಳಗೆ ನುಗ್ಗಿದ ಬೆಚ್ಚನೆಯ ಗಾಳಿ ಅದನ್ನು ಮುಟ್ಟಿದೊಡನೆ, ತಣ್ಣೀರು ತುಂಬಿದ ಸ್ಟೀಲ್ ಲೋಟದಂತೆ, ಸಿಲಿಂಡರಿನ ಗೋಡೆ ಬೆವರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ಆ ಬೆವರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಸುತ್ತಲೇಬೇಕೆಂದರೆ ಒಳಗೆ ಸಿಲಿಕಾ ಜೆಲ್ ಚೀಲಗಳಿರಬೇಕು, ಇಲ್ಲವಾದರೆ ದಪ್ಪ ಬಟ್ಟೆಯ ಹೊದಿಕೆಯೇ ಮೇಲು.

ಬಳಸಿದ ಆಯಿಲ್ಲಿನಲ್ಲಿ ಹೊಗೆಯ ಆಮ್ಲವೂ ನೀರೂ ಸೇರಿರುತ್ತವೆ, ಅದನ್ನು ಒಳಗೆ ಬಿಡಬಾರದು. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಟೀ ಚಮಚ ಹೊಸ ಆಯಿಲ್ ಹಾಕಿ, ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿದರೆ ಗೋಡೆಗೆಲ್ಲ ತೆಳು ಪೊರೆ ಹರಡುತ್ತದೆ. ಕಾರ್ಬ್ಯುರೇಟರಿನ ಪೆಟ್ರೋಲನ್ನೂ ಬಸಿಯಬೇಕು. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ನೀರನ್ನು ಹೀರುತ್ತದೆ. ಗಾಳಿ, ಹೊಗೆ, ನೀರಿನ ದಾರಿಗಳಿಗೆಲ್ಲ ಮುಚ್ಚಳ ಬೇಕು. ಬಟ್ಟೆ ತುರುಕುವುದು ವಾಡಿಕೆ, ಆದರೆ ಬಟ್ಟೆ ತೇವ ಹಿಡಿಯುತ್ತದೆ, ಮರೆತೂ ಹೋಗುತ್ತದೆ. ತೆರೆದು ಬಿಟ್ಟರೆ ಕಣಜ ಬಂದು ಮಣ್ಣಿನ ಗೂಡು ಕಟ್ಟುತ್ತದೆ, ಬೆರಳುದ್ದದ ಗಟ್ಟಿ ಗೂಡು. ಅದು ಪುಡಿಯಾಗಿ ಸಿಲಿಂಡರಿಗೆ ಬಿದ್ದರೆ ಉಪ್ಪುಕಾಗದದ ಕೆಲಸ ಮಾಡುತ್ತದೆ.

ಕಡೆಗೆ ಎಂಜಿನ್ ಮತ್ತೆ ಕಾರಿಗೆ ಏರಿದ ದಿನ, ಕೀಲಿ ತಿರುಗಿಸುವ ಮೊದಲು ಪ್ಲಗ್ಗುಗಳನ್ನು ಮತ್ತೊಮ್ಮೆ ಬಿಚ್ಚಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಒಳಗೆ ಆಯಿಲ್ಲೋ ನೀರೋ ನಿಂತಿದ್ದರೆ ಪ್ಲಗ್ಗಿನ ತೂತಿನಿಂದ ಹೊರಗೆ ಚಿಮ್ಮುತ್ತದೆ. ಪ್ಲಗ್ ಹಾಕಿದ್ದಾಗ ಅದಕ್ಕೆ ದಾರಿಯಿಲ್ಲ, ದ್ರವ ಕುಗ್ಗುವುದೂ ಇಲ್ಲ. ಆಗ ಬಾಗುವುದು ಕನೆಕ್ಟಿಂಗ್ ರಾಡ್.