ಹಸುಗೂಸಿಗೆ ಧನುರ್ವಾಯು ಬಾರದಿರಲಿ

ದಂಪತಿಗಳೇ, ನವಜಾತ ಶಿಶುವಿನ ಧನುರ್ವಾಯು ಬಾಲಗ್ರಹವಲ್ಲ. ಕಣ್ಣಿಗೆ ಕಾಣದ ರೋಗಾಣುವಿನಿಂದ ಬರುವ ರೋಗ. ಇದರ ಬೀಜಾಣುಗಳು ಮಣ್ಣು, ಸಗಣಿಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಕುಡುಗೋಲಿನಿಂದ ಹೊಕ್ಕುಳಬಳ್ಳಿಯನ್ನು ಕೊಯ್ದಾಗ, ಗಾಯಕ್ಕೆ ಸಗಣಿ ಅಥವಾ ಬೂದಿ ಹಚ್ಚಿದಾಗ ಅವು ಒಳಸೇರಿ, ಬೆಳೆದು, ವಿಷವನ್ನುಂಟುಮಾಡುತ್ತವೆ. ಆ ವಿಷವು ನರಗಳನ್ನು ಸೇರಿದಾಗ, ಮೊದಲೆರಡು ದಿನ ಚೆನ್ನಾಗಿ ಹಾಲು ಕುಡಿದ ಮಗುವಿನ ದವಡೆ ಬಿಗಿಯುವುದು. ಮೈ ಬಿಲ್ಲಿನಂತೆ ಸೆಟೆಯುವುದು. ಅಂಥ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಗರ್ಭಿಣಿಗೆ 4 ವಾರಗಳ ಅಂತರದಲ್ಲಿ 2 ಬಾರಿ ಟಿ.ಡಿ. ಚುಚ್ಚುಮದ್ದು ಹಾಕಿಸಿದರೆ, ತಾಯಿಯಲ್ಲಿ ಹುಟ್ಟುವ ರೋಗನಿರೋಧಕ ಶಕ್ತಿಯು ಗರ್ಭದಲ್ಲಿರುವ ಶಿಶುವಿಗೂ ದೊರೆಯುತ್ತದೆ. ಭಾರತದಲ್ಲಿ ಈ ರೋಗವು ನಿವಾರಣೆಯ ಮಟ್ಟಕ್ಕೆ ಇಳಿದಿದೆಯೆಂದು 2015ರಲ್ಲಿ ದೃಢಪಟ್ಟಿತು. ಆದರೂ ಮಣ್ಣಿನಲ್ಲಿ ರೋಗಾಣು ಇದ್ದೇ ಇದೆ. ಆದುದರಿಂದ ಹೆರಿಗೆಯನ್ನು ಆಸ್ಪತ್ರೆಯಲ್ಲಿಯೇ ಮಾಡಿಸಿರಿ. ಮನೆಯಲ್ಲಿ ಹೊಕ್ಕುಳಿಗೆ ಏನನ್ನೂ ಹಚ್ಚದಿರಿ.