ಟಿಷಿಯನ್‌ಗೆಂದು ಮಾಡಿದ ಬಾಗಿಲು

ವಿಯೆನ್ನಾದ ಅಗಸ್ಟಿನರ್ ಚರ್ಚಿನ ಗೋಡೆಗೆ ಅಂಟಿಕೊಂಡಂತೆ ಅಮೃತಶಿಲೆಯ ಪಿರಮಿಡ್ಡೊಂದಿದೆ. ಅದರ ನಡುವೆ ಕತ್ತಲೆ ತುಂಬಿದ ಬಾಗಿಲು. ಅಸ್ಥಿಕಲಶ ಹಿಡಿದ ಹೆಂಗಸು ತಲೆ ತಗ್ಗಿಸಿ ಒಳಗೆ ಹೊರಟಿದ್ದಾಳೆ. ಹಿಂದೆ ಮೆಟ್ಟಿಲ ಮೇಲೆ ಕುರುಡು ಮುದುಕ, ಅವನಿಗೆ ಆಸರೆಯಾದ ಇನ್ನೊಬ್ಬಾಕೆ. ಅವರ ಕಾಲಡಿಯ ಜಮಖಾನವೂ ಕಲ್ಲಿನದೇ. ಹೊಸ್ತಿಲಿನಿಂದ ಮೆಟ್ಟಿಲಿಗೆ ಬಟ್ಟೆಯಂತೆಯೇ ಜಾರಿ ಬಂದಿದೆ. ಸತ್ತವಳು ಮಾತ್ರ ಮೇಲೊಂದು ಪದಕದಲ್ಲಿ, ಬರಿಯ ಪಕ್ಕಮುಖವಾಗಿ ಉಳಿದಿದ್ದಾಳೆ.

ಈ ಕಲ್ಪನೆ ಅವಳಿಗಾಗಿ ಹುಟ್ಟಿದ್ದಲ್ಲ. ಶಿಲ್ಪಿ ಅಂಟೋನಿಯೊ ಕನೋವಾ ಅದಕ್ಕೂ ಮೊದಲು ರೋಮಿನಲ್ಲಿ ಪೋಪರ ಸಮಾಧಿಗಳನ್ನು ಮಾಡಿದ್ದ. 1787ರಲ್ಲಿ ಮುಗಿದ 14ನೇ ಕ್ಲೆಮೆಂಟನದರಲ್ಲಿ ಹಳೆಯ ರೂಢಿಯೇ: ಮೇಲೆ ಗದ್ದುಗೆಯಲ್ಲಿ ಸತ್ತವನು, ಕೆಳಗೆ ಅಳುವವರು. 1790ರ ದಶಕದಲ್ಲಿ ವೆನಿಸ್ಸಿನ ಫ್ರಾರಿ ಚರ್ಚಿನಲ್ಲಿ ಚಿತ್ರಕಾರ ಟಿಷಿಯನ್‌ಗೆ ಸ್ಮಾರಕ ಬೇಕೆಂಬ ಮಾತು ಬಂತು. ಬೆನ್ನಿಗೆ ನಿಂತವನು ಅಲ್ಲಿನ ಶ್ರೀಮಂತ ಜಿರೋಲಮೊ ಜುಲಿಯನ್. ಆಗ ಕನೋವಾನಿಗೆ ಹೊಳೆದದ್ದು ಇದು: ಸತ್ತವನನ್ನು ತೋರಿಸುವುದೇ ಬೇಡ, ಅವನ ಹಿಂದೆ ಹೋಗುವವರನ್ನು ತೋರಿಸೋಣ. ರೋಮಿನಲ್ಲಿದ್ದವನಿಗೆ ಸೆಸ್ಟಿಯಸನ ಪಿರಮಿಡ್ ಎಂಬ ಪ್ರಾಚೀನ ಸಮಾಧಿ ಕಣ್ಣೆದುರಿಗೇ ಇತ್ತು; ಆದರೆ ಅದಕ್ಕೊಂದು ಬಾಗಿಲಿಟ್ಟು ಮೆರವಣಿಗೆಯನ್ನು ಒಳಗೆ ನಡೆಸಿದ್ದು ಅವನದೇ ಬುದ್ಧಿ. ಮಣ್ಣಿನಲ್ಲಿ ಪುಟ್ಟ ಮಾದರಿಗಳಾದವು. 1795ರಲ್ಲಿ ಜುಲಿಯನ್ ತೀರಿಕೊಂಡ, 1797ರಲ್ಲಿ ವೆನಿಸ್ ಗಣರಾಜ್ಯವನ್ನೇ ನೆಪೋಲಿಯನ್ ಮುಗಿಸಿದ. ಕೆಲಸ ನಿಂತಿತು.

ಮರುವರ್ಷ ವಿಯೆನ್ನಾದಲ್ಲಿ ಡ್ಯೂಕ್ ಆಲ್ಬರ್ಟ್ ತನ್ನ ಮಡದಿ ಮರಿಯಾ ಕ್ರಿಸ್ಟಿನಾಳನ್ನು, ಆ ಪದಕದಲ್ಲಿರುವವಳನ್ನು, ಕಳೆದುಕೊಂಡ. ಅದೇ ಹೊತ್ತಿಗೆ ಕನೋವಾ ವಿಯೆನ್ನಾಕ್ಕೆ ಬಂದಿದ್ದ. ಒಬ್ಬರಿಗೆ ಹೊಲಿದ ಅಂಗಿ ಇನ್ನೊಬ್ಬರಿಗೆ ಹೊಂದಿತು. ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದಂತೂ ನಿಜ. ಸ್ಮಾರಕ ಮುಗಿದದ್ದು 1805ರಲ್ಲಿ. ಪಿರಮಿಡ್ಡಿನೊಳಗೆ ಯಾರೂ ಇಲ್ಲ. ಅವಳು ಮಲಗಿರುವುದು ಅದೇ ಊರಿನ ಕಪುಚಿನ್ ಚರ್ಚಿನ ನೆಲಮಾಳಿಗೆಯಲ್ಲಿ.

1822ರಲ್ಲಿ ಕನೋವಾ ತೀರಿಕೊಂಡಾಗ ವೆನಿಸ್ಸಿನ ಕಲಾ ಅಕಾಡೆಮಿಯ ಮುಖ್ಯಸ್ಥ ಲಿಯೊಪೊಲ್ಡೊ ಚಿಕೊನ್ಯಾರಾ ಯೂರೋಪಿನಾದ್ಯಂತ ಚಂದಾ ಎತ್ತಿದ. ಟಿಷಿಯನ್‌ಗೆಂದು ಮೂಡಿದ್ದ ಆ ಪಿರಮಿಡ್ಡನ್ನೇ ಶಿಷ್ಯರು, ಗೆಳೆಯರು ಸೇರಿ ಫ್ರಾರಿಯಲ್ಲಿ ಕಡೆದು ನಿಲ್ಲಿಸಿದರು. ಇಲ್ಲೊಂದು ಸಿಂಹವೂ ಇದೆ; ವೆನಿಸ್ಸಿನ ಲಾಂಛನದ ಸಿಂಹದಂತೆ ಅದಕ್ಕೂ ರೆಕ್ಕೆಗಳಿವೆ. ಒಳಗಿರುವುದು ಕನೋವಾನ ಹೃದಯವಷ್ಟೇ, ದೇಹ ಹುಟ್ಟೂರು ಪೊಸ್ಸಾನ್ಯೊದಲ್ಲಿದೆ.

ಟಿಷಿಯನ್‌ಗೆ ಸ್ಮಾರಕ ಸಿಕ್ಕಿದ್ದು 1852ರಲ್ಲಿ, ಸರಿಯಾಗಿ ಎದುರು ಗೋಡೆಗೆ. ಕಮಾನಿನಡಿ ಗದ್ದುಗೆಯ ಮೇಲೆ, ಹಳೆಯ ರೂಢಿಯಂತೆಯೇ ಕೂತಿದ್ದಾನೆ.